ದಿನಕ್ಕೆ ಎಷ್ಟು ಪೀಸ್ ಅಂತ ಕೇಳಿದರೆ ಏನು ಹೇಳೋದು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪ್ ನೋಡಿಕೊಳ್ಳುತ್ತೇನೆ. ಸಂಶೋಧನೆ ಮಾಡುವವರಿಗೆ ಬೇಕಾದ ಪಾರ್ಟ್‌ಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ನಮ್ಮ ಲೇತ್‌ಗೆ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮಷಿನ್) ಮೂವತ್ತು ವರ್ಷ ದಾಟಿದೆ. ಹೊಸ ಲೇತ್, ಜೊತೆಗೆ ಒಂದು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ನಡೆಯುವ ಮಿಲ್ಲಿಂಗ್ ಮಷಿನ್) ಕೇಳಿದೆ. ಖರೀದಿ ಸಮಿತಿಯವರು "ದಿನಕ್ಕೆ ಎಷ್ಟು ಪೀಸ್ ತೆಗೆಯುತ್ತೀರಿ?" ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಪೀಸ್ ಲೆಕ್ಕಕ್ಕೆ ಇಳಿಯಬೇಡಿ, ಸೋಲುತ್ತೀರಿ. ನಿಮ್ಮಲ್ಲಿ ಆಗುವುದು ಒಂದೊಂದೇ ಪೀಸ್, ಅದೂ ಡ್ರಾಯಿಂಗ್ ಮೂರು ಸಲ ಬದಲಾದ ಮೇಲೆ, ಅಲ್ವಾ? ಕಾದ ದಿನಗಳ ಲೆಕ್ಕ ತೋರಿಸಿ. ಇವತ್ತೇ ಒಂದು ರಿಜಿಸ್ಟರ್ ಇಡಿ: ಡ್ರಾಯಿಂಗ್ ಬಂದ ದಿನ, ಪೀಸ್ ಕೈಗೆ ಸಿಕ್ಕ ದಿನ, ಹೊರಗೆ ಕೊಟ್ಟಿದ್ದರೆ ಬಿಲ್, ರಿಜೆಕ್ಟ್ ಆಗಿದ್ದರೆ ಕಾರಣ. ಹೊರಗಿನವರಿಗೆ ಸಾವಿರ ಪೀಸಿನ ಆರ್ಡರ್ ಬಂದರೆ ನಿಮ್ಮ ಒಂದು ಪೀಸ್ ಪಕ್ಕಕ್ಕೆ ಹೋಗುತ್ತದೆ. ಅದು ಅವರ ಹೊಟ್ಟೆಪಾಡು, ತಪ್ಪಲ್ಲ. ಆದರೆ ಅಷ್ಟು ದಿನ ಟೆಸ್ಟ್ ರಿಗ್ ಸುಮ್ನೆ ನಿಂತಿರುತ್ತದೆ, ಸಂಶೋಧಕರ ಫೆಲೋಶಿಪ್ ಮಾತ್ರ ಕರಗುತ್ತಿರುತ್ತದೆ.

"ಲೇತ್ ಹಳೆಯದಾಗಿದೆ" ಅಂದರೆ ಯಾರೂ ಕೇಳುವುದಿಲ್ಲ, ಅಳತೆ ಬೇಕು. 40 ಮಿ.ಮೀ. ವ್ಯಾಸದ ಬಾರನ್ನು ಲೇತ್‌ನ ಚಕ್‌ನಲ್ಲಿ (ಬಾರನ್ನು ಕಚ್ಚಿ ಹಿಡಿಯುವ ಭಾಗ) ಹಿಡಿದು, 150 ಮಿ.ಮೀ. ಹೊರಗೆ ಬಿಡಿ. ಹೊರಗಿನ ತುದಿಗೆ ಟೇಲ್‌ಸ್ಟಾಕ್ ಆಸರೆ ಕೊಡಬೇಡಿ. ಎರಡೂ ತುದಿಯಲ್ಲಿ ಒಂದೊಂದು ಕಾಲರ್ (ಉಬ್ಬಿದ ಪಟ್ಟಿ) ಬಿಟ್ಟು, ಟೂಲ್ ಸೆಟ್ಟಿಂಗ್ ಬದಲಿಸದೆ ಎರಡಕ್ಕೂ ತೆಳು ಕಟ್ ಕೊಟ್ಟು, ಮೈಕ್ರೋಮೀಟರ್ ಹಿಡಿಯಿರಿ. 25 ಮಿ.ಮೀ. ಶಾಫ್ಟ್‌ಗೆ ಎಚ್6 ಟಾಲರೆನ್ಸ್ ಅಂದರೆ ಅಳತೆ ಒಟ್ಟು 13 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಷ್ಟೇ ಆಚೀಚೆ ಆಗಬಹುದು. ಕಾಲರ್‌ಗಳ ನಡುವೆ 40 ಮೈಕ್ರಾನ್ ವ್ಯತ್ಯಾಸ ಬಂದರೆ, ಆ ಬಾರನ್ನೇ ಸಮಿತಿಯ ಮೇಜಿನ ಮೇಲಿಡಿ.

ಆದರೆ ಅದಕ್ಕೂ ಮೊದಲು ಬೆಡ್‌ನ (ಲೇತ್‌ನ ತಳದ ಚೌಕಟ್ಟು) ಲೆವೆಲ್ ನೋಡಿ. ಬೆಡ್ ಸ್ವಲ್ಪ ತಿರುಚಿಕೊಂಡಿದ್ದರೂ ಇದೇ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ತೆಳು) ಬರುತ್ತದೆ. ಲೆವೆಲಿಂಗ್ ಬೋಲ್ಟ್ ತಿರುಗಿಸಿದರೆ ಸರಿಹೋಗುವ ತೊಂದರೆಗೆ ಲಕ್ಷಗಟ್ಟಲೆ ಹಣ ಕೇಳಿದರೆ, ಮುಂದಿನ ಸಲ ನಿಮ್ಮ ಮಾತು ನಡೆಯುವುದಿಲ್ಲ.

ವಿಎಂಸಿ ಬಗ್ಗೆ ಒಂದು ಮಾತು. ಒಂದೇ ಪೀಸಿಗೆ ಪ್ರೋಗ್ರಾಂ ಬರೆದು, ಸೆಟ್ ಮಾಡುವುದರಲ್ಲೇ ಅರ್ಧ ದಿನ ಹೋಗಬಹುದು. ಬಾಗಿದ ಮೇಲ್ಮೈಗಳ ಕೆಲಸ ಜಾಸ್ತಿ ಇದ್ದರೆ ಬೇಕೇ ಬೇಕು. ಬರೀ ರಂಧ್ರ, ಸ್ಲಾಟ್ ಆದರೆ ಇರುವ ಮಿಲ್ಲಿಂಗ್ ಮಷಿನ್‌ಗೆ ಡಿಆರ್‌ಒ (ಎಷ್ಟು ಸರಿದಿದೆ ಅಂತ ಅಂಕಿಯಲ್ಲಿ ತೋರಿಸುವ ಸಾಧನ) ಹಾಕಿಸಿ, ಸಾಕು. ನಾನಾಗಿದ್ದರೆ ಈ ವರ್ಷ ಲೇತ್ ಮಾತ್ರ ಕೇಳುತ್ತಿದ್ದೆ. ಚಕ್, ಕೊಲೆಟ್, ಟೂಲ್‌ಗಳು, ಸ್ಟೆಬಿಲೈಸರ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಆಪರೇಟರ್ ತರಬೇತಿ ಎಲ್ಲವನ್ನೂ ಮೊದಲ ಪ್ರಸ್ತಾವದಲ್ಲೇ ಸೇರಿಸಿ.

ಆರ್ಡರ್ ಕೊಡುವ ಮುಂಚೆ ನಿಮ್ಮದೇ ಡ್ರಾಯಿಂಗ್ ಒಯ್ದು, ಮಾರುವವರ ಮಷಿನ್‌ನಲ್ಲಿ ಒಂದು ಪೀಸ್ ತೆಗೆಸಿ. ಅಳೆಯುವುದು ಮಾತ್ರ ಪೀಸ್ ಪೂರ್ತಿ ತಣ್ಣಗಾದ ಮೇಲೆ.