ದೆವ್ವ ಮುಟ್ಟಲ್ಲ, ಕ್ಯೂ ಬಿಡಲ್ಲ

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಒರ್ಲ್ಯಾಂಡೊದಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ಮಕ್ಕಳ ಜೊತೆ ಹೋಗುತ್ತಿದ್ದೇವೆ. ಯೂನಿವರ್ಸಲ್ ಅನ್ನುವ ಮನರಂಜನಾ ಪಾರ್ಕಿನಲ್ಲಿ ಹ್ಯಾಲೋವೀನ್‌ಗೆ (ಅಲ್ಲಿನವರ ದೆವ್ವದ ಹಬ್ಬ) ಕಟ್ಟುವ ದೆವ್ವದ ಮನೆಗಳನ್ನು ತೋರಿಸಲೇಬೇಕು ಅಂತ ಅವನ ಹಟ. ಮಗಳಿಗೆ 14, ಮಗನಿಗೆ 9. ಮಗ ಈಗಲೂ ರಾತ್ರಿ ಹೊತ್ತು ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಏನು ಮಾಡಲಿ?
- ಓದುಗರು, ಬಸವನಗುಡಿ

ಉತ್ತರ: ಮಗಳು ಹೋಗಲಿ, ಮಗ ಬೇಡ. 13 ವರ್ಷದೊಳಗಿನವರಿಗೆ ಇದು ಸರಿಹೋಗಲ್ಲ ಅಂತ ಪಾರ್ಕಿನವರೇ ಹೇಳುತ್ತಾರೆ. ನಿಮ್ಮ ತಮ್ಮನಿಗೆ ಇನ್ನೂ ಮಕ್ಕಳಾಗಿಲ್ಲ ಅಂತ ನನ್ನ ಊಹೆ!

ಇದು ನಮ್ಮ ಜಾತ್ರೆಯ ಭೂತಬಂಗಲೆ ಅಲ್ಲ. ಅಲ್ಲಿ ರಟ್ಟಿನ ಅಸ್ಥಿಪಂಜರ ದಾರದಲ್ಲಿ ಕುಣಿಯುತ್ತಿತ್ತು, ನಾವು ನಗುತ್ತ ಆಚೆ ಬರುತ್ತಿದ್ದೆವು. ಒರ್ಲ್ಯಾಂಡೊದಲ್ಲಿ 1991ರಲ್ಲಿ ಮೂರೇ ರಾತ್ರಿ ನಡೆದ ಆಟ ಈಗ ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್‌ವರೆಗೂ ಎಳೆಯುತ್ತದೆ. ಈಚಿನ ವರ್ಷಗಳಲ್ಲಿ ಹತ್ತು ಮನೆ ಕಟ್ಟುತ್ತಾರೆ. ಹಗಲಿನ ಟಿಕೆಟ್ ಇದಕ್ಕೆ ನಡೆಯಲ್ಲ, ಬೇರೆಯೇ ತೆಗೆದುಕೊಳ್ಳಬೇಕು.

ಒಳಗೆ ಏನಾಗುತ್ತದೆ ಅಂತ ಮಗಳಿಗೆ ಮೊದಲೇ ಹೇಳಿಬಿಡಿ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ದಾರಿ. ಕಪ್ಪು ಪರದೆ, ಹೊಗೆ, ಕಣ್ಣಿಗೆ ಹೊಡೆಯುವ ಮಿಂಚು ಬೆಳಕು. ಬಲಗಡೆ ಒಂದು ಗೊಂಬೆ ಬಿದ್ದಿರುತ್ತದೆ. ನೀವು ಅದನ್ನೇ ನೋಡುತ್ತಿರುತ್ತೀರಿ. ಅಷ್ಟರಲ್ಲಿ ಎಡಗಡೆ ಗೋಡೆಯ ಕಿಂಡಿ ಧಡ್ ಅಂತ ತೆರೆದು ಒಬ್ಬ ಮೂತಿ ಚಾಚುತ್ತಾನೆ. ಕಿರುಚಿ ಮುಗಿಸುವಷ್ಟರಲ್ಲಿ ಅವನು ಮಾಯ, ಮುಂದಿನವರಿಗಾಗಿ ಕಾಯುತ್ತಿರುತ್ತಾನೆ. ಅವನಿಗೆ ಅದು ರಾತ್ರಿಯಿಡೀ ಕೆಲಸ, ಪಾಪ. ಅವರು ನಿಮ್ಮನ್ನು ಮುಟ್ಟುವುದಿಲ್ಲ, ನೀವೂ ಮುಟ್ಟುವಂತಿಲ್ಲ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ಹೊರಗಿನ ರಸ್ತೆಗಳಲ್ಲೂ ಮರ ಕೊಯ್ಯುವ ಗರಗಸ ಹಿಡಿದವರು ಅಟ್ಟಿಸಿಕೊಂಡು ಬರುತ್ತಾರೆ. ಗರಗಸಕ್ಕೆ ಹಲ್ಲಿನ ಚೈನು ಇರಲ್ಲ, ಬರೀ ಸದ್ದು. ಆದರೆ ಆ ಸದ್ದು ಸಾಕು. ಫಿಟ್ಸ್ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ದೂರ ಇರುವುದೇ ಒಳ್ಳೆಯದು.

ನಿಜವಾದ ಹಿಂಸೆ ಕ್ಯೂ. ಐದು ನಿಮಿಷದ ಮನೆಗೆ ಒಂದು ಗಂಟೆ ನಿಲ್ಲಬೇಕಾಗಬಹುದು, ಶನಿವಾರ ಇನ್ನೂ ಜಾಸ್ತಿ. ವಾರದ ನಡುವಿನ ದಿನ ಆರಿಸಿ. ಹತ್ತೂ ನೋಡುತ್ತೇನೆ ಅಂತ ಹೊರಡಬೇಡಿ, ನಾಲ್ಕು ಸಾಕು. ಒಳಗೆ ಹೋದಾಗ ಮುಂದಿನ ಗುಂಪಿಗೂ ನಿಮಗೂ ನಡುವೆ ನಾಲ್ಕು ಹೆಜ್ಜೆ ಜಾಗ ಬಿಡಿ. ಇಲ್ಲದಿದ್ದರೆ ಅವರು ಬೆಚ್ಚಿದ್ದನ್ನು ನೋಡುವುದೇ ಆಗುತ್ತದೆ, ದುಡ್ಡು ಕೊಟ್ಟು ಇನ್ನೊಬ್ಬರ ಭಯ ನೋಡಿದ ಹಾಗೆ.

ಮಗನನ್ನು ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಮಿಕ್ಕಿಯ ಹ್ಯಾಲೋವೀನ್ ಪಾರ್ಟಿ ಇರುತ್ತದೆ. ಅದಕ್ಕೂ ಬೇರೆ ಟಿಕೆಟ್. ವೇಷ ಹಾಕಿಕೊಂಡು ಚೀಲದ ತುಂಬ ಮಿಠಾಯಿ ತರಬಹುದು. ಹಾಂಟೆಡ್ ಮ್ಯಾನ್ಷನ್ ಅನ್ನುವ ಮನೆಯೂ ಅಲ್ಲೇ ಇದೆ, 1971ರಲ್ಲಿ ಪಾರ್ಕ್ ತೆರೆದ ದಿನದಿಂದಲೂ. ಅದರೊಳಗೆ ಗಾಡಿಯಲ್ಲಿ ಕೂತು ಹೋಗುವಾಗ ಒಂದು ದೊಡ್ಡ ಹಜಾರ ಬರುತ್ತದೆ. ಮೈಯ ಮೂಲಕ ಆಚೆಗಿನದೂ ಕಾಣುವಂಥ ದೆವ್ವಗಳು ಜೋಡಿಜೋಡಿಯಾಗಿ ಕುಣಿಯುತ್ತಿರುತ್ತವೆ. ಮಗನಿಗೆ ಗುಟ್ಟು ಹೇಳಿಕೊಡಿ. ರಾತ್ರಿ ಬಿಎಂಟಿಸಿ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖ ಹೊರಗಿನ ಅಂಗಡಿಗಳ ಮೇಲೆ ತೇಲುತ್ತದಲ್ವಾ? ಅದೇ. ಮಧ್ಯೆ ದೊಡ್ಡ ಗಾಜು, ಗೊಂಬೆಗಳು ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. 1862ರಲ್ಲಿ ಲಂಡನ್ನಿನಲ್ಲಿ ಪೆಪ್ಪರ್ ಅನ್ನುವವರು ವೇದಿಕೆ ಮೇಲೆ ತೋರಿಸಿ ಹೆಸರು ಮಾಡಿದ ಉಪಾಯ ಇದು. ಗುಟ್ಟು ಗೊತ್ತಾದ ಮೇಲೆ ಹುಡುಗ ಬಚ್ಚಲಿಗೆ ಒಬ್ಬನೇ ಹೋದರೂ ಹೋದ.

ಪ್ರಶ್ನೆ: ಹಬ್ಬದ ಹೊತ್ತಲ್ಲಿ ದೆವ್ವದ ಮನೆಗೆ ಹೋಗುವುದು ಅಶುಭ ಅಂತಾರೆ ಅತ್ತೆ. ಅವರಿಗೆ ಏನು ಹೇಳಲಿ?
- ಅದೇ ಓದುಗರು

ಉತ್ತರ: 2024ರಲ್ಲಿ ಹ್ಯಾಲೋವೀನೂ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಂದಿದ್ದವು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಕುಂಬಳಕಾಯಿಗೆ ಮೂಗು ಕೊರೆಯೋದು, ಎರಡನ್ನೂ ಮಾಡಿದ ಮನೆ ನಮ್ಮ ಬೀದಿಯಲ್ಲೇ ಇತ್ತು. ಅತ್ತೆಯವರ ಜೊತೆ ವಾದ ಬೇಡ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ಅವರಿಗೆ ನೆನಪಿರುತ್ತದೆ, ಅದನ್ನು ಕೇಳಿ. ಮಾತು ಅತ್ತ ಹೋಗುತ್ತದೆ, ನೀವು ಸೂಟ್‌ಕೇಸ್ ಕಟ್ಟಿಕೊಳ್ಳಿ.

ಪ್ರಶ್ನೆ: ನಾನೂ ಯೂನಿವರ್ಸಲ್‌ಗೇ ಹೋಗುತ್ತಿದ್ದೇನೆ. ಮುಖವಾಡ ಹಾಕಿಕೊಂಡು ಹೋಗಬಹುದಾ? ಚಪ್ಪಲಿ ಸಾಕಾ?
- ವಿದ್ಯಾರ್ಥಿ, ವಿಜಯನಗರ

ಉತ್ತರ: ಮುಖವಾಡ, ವೇಷ ಎರಡೂ ಅಲ್ಲಿ ನಡೆಯಲ್ಲ. ದೆವ್ವ ಯಾರು, ಟಿಕೆಟ್ ತಗೊಂಡವರು ಯಾರು ಅಂತ ತಿಳಿಯಬೇಕಲ್ಲ. ಚಪ್ಪಲಿಯಂತೂ ಬೇಡವೇ ಬೇಡ, ಶೂ ಹಾಕಿ. ನಾನು ಇಂಥದ್ದೇ ಇನ್ನೊಂದು ಪಾರ್ಕಿಗೆ ಹವಾಯಿ ಚಪ್ಪಲಿಯಲ್ಲಿ ಹೋಗಿದ್ದೆ. ಕತ್ತಲಲ್ಲಿ ಹಿಂದಿನವರು ಹಿಮ್ಮಡಿ ತುಳಿದರು, ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕುಂಟುತ್ತ ಹೊರಟೆ. ಕೊನೆಯ ತಿರುವಿನಲ್ಲಿ ಎಗರಿ ಬಂದ ದೆವ್ವ ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು.