ಮೊದಲ ಕ್ರೂಸ್ ಕಾಂಟ್ರಾಕ್ಟ್ ಮುಗಿಯುತ್ತಿದೆ. ಎಕ್ಸ್‌ಟೆನ್ಷನ್ ತಗೊಳ್ಳಲಾ? ಇಳಿಯುವ ಮುಂಚೆ ಏನೇನು ನೋಡ್ಕೋಬೇಕು?

ನೀವು ಕೇಳಿರುವುದು ಎರಡು ವಿಷಯ. ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿಯಲು ಒಂದು ತಿಂಗಳಿದೆ, ಇನ್ನೂ ಆರು ವಾರ ಇರು ಅಂತ ಸೂಪರ್‌ವೈಸರ್ ಕೇಳುತ್ತಿದ್ದಾರೆ, ಒಪ್ಪಬೇಕಾ? ಒಪ್ಪದೆ ಇಳಿಯುವುದಾದರೆ ಹಡಗಿನಲ್ಲೇ ಯಾವ ಕೆಲಸ ಮುಗಿಸಿಕೊಳ್ಳಬೇಕು? ನಾನು ಕುಂದಾಪುರದ ಕಡೆಯವನು. ಕ್ರೂಸ್ ಹಡಗುಗಳ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕೆಲಸ ಮಾಡುತ್ತಾ ಹಲವು ವರ್ಷವಾಯಿತು. ನೋಡಿ ತಿಳಿದದ್ದನ್ನು ಹೇಳ್ತೀನಿ.

ಎಕ್ಸ್‌ಟೆನ್ಷನ್ ಬೇಡ. ಮೊದಲ ಕಾಂಟ್ರಾಕ್ಟ್‌ನಲ್ಲಂತೂ ಬೇಡವೇ ಬೇಡ. ಹಡಗಿನ ಹೊಟೆಲ್ ಡಿಪಾರ್ಟ್‌ಮೆಂಟ್‌ನಲ್ಲಿ (ಅಡುಗೆ, ಊಟ ಬಡಿಸುವುದು, ರೂಮು ನೋಡಿಕೊಳ್ಳುವುದು) ವಾರದ ರಜೆ ಅನ್ನುವುದೇ ಇಲ್ಲ. ಇಷ್ಟು ತಿಂಗಳು ದಿನಾ ಯೂನಿಫಾರ್ಮ್ ಹಾಕಿದ್ದೀರಿ. ಪೋರ್ಟ್‌ನಲ್ಲಿ ಎರಡು ಗಂಟೆ ಹೊರಗೆ ಹೋಗಿ, ವೈಫೈ ಇರುವ ಕಡೆ ಕೂತು ಮನೆಗೆ ವಿಡಿಯೊ ಕಾಲ್ ಮಾಡಿ ಬಂದದ್ದೇ ಬಿಡುವು. ಹಡಗಿನ ಕೆಲಸಗಾರರಿಗೆ ಎಂ.ಎಲ್.ಸಿ. 2006 ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಅನ್ನುವ ಲೆಕ್ಕ ಬಂದಿರುವುದು ಅದರಿಂದಲೇ. 12 ತಿಂಗಳು ತುಂಬುವುದರೊಳಗೆ ಕಂಪನಿ ತನ್ನ ಖರ್ಚಿನಲ್ಲಿ ಮನೆಗೆ ಕಳಿಸಬೇಕು ಅಂತಲೂ ಅದರಲ್ಲಿದೆ. ಅದಕ್ಕೇ ಎಲ್ಲರೂ 11 ತಿಂಗಳು ಮಿತಿ ಅನ್ನುವುದು. ನಿಮ್ಮ ಒಂಬತ್ತು ತಿಂಗಳಿಗೆ ಆರು ವಾರ ಸೇರಿದರೆ ಹತ್ತೂವರೆ ತಿಂಗಳು. ಕಾನೂನು ಒಪ್ಪುತ್ತದೆ. ಮೈ ಒಪ್ಪಬೇಕಲ್ವಾ?

ಬೇಡ ಅಂದರೆ ಮುಂದಿನ ಜಾಯಿನಿಂಗ್ ಡೇಟ್ ಕೊಡಲ್ಲ ಅಂತ ನಿಮಗೆ ಯಾರೋ ಹೇಳಿದ್ದಾರೆ ಅಂತ ಬರೆದಿದ್ದೀರಿ. ಆ ಮಾತು ಪ್ರತಿ ಹಡಗಿನ ಕ್ರೂ ಮೆಸ್‌ನಲ್ಲೂ ಓಡಾಡುತ್ತದೆ. ನಾನು ನೋಡಿದ ಹಾಗೆ, ಕಾಂಟ್ರಾಕ್ಟ್ ಪೂರ್ತಿ ಮುಗಿಸಿ ಒಳ್ಳೆ ಇವ್ಯಾಲ್ಯುಯೇಶನ್ (ಕೆಲಸದ ಮೌಲ್ಯಮಾಪನ) ತಗೊಂಡು ಇಳಿದವರಿಗೆ ಡೇಟ್ ಬಂದಿದೆ. ಎಕ್ಸ್‌ಟೆನ್ಷನ್ ಕೇಳುವುದು ಬಹಳ ಸಲ ನಿಮ್ಮ ರಿಲೀವರ್‌ನ, ಅಂದರೆ ನಿಮ್ಮ ಜಾಗಕ್ಕೆ ಬರುವವನ, ವೀಸಾ ಅಥವಾ ಮೆಡಿಕಲ್ ತಡವಾಗಿರುವುದರಿಂದ. ಅದನ್ನು ಸರಿ ಮಾಡುವುದು ಅವರ ಕೆಲಸ. ಮರ್ಯಾದೆಯಿಂದ, ಆದಷ್ಟು ಬೇಗ, ಆಗಲ್ಲ ಅಂತ ಹೇಳಿ. ಕೊನೆಯ ವಾರದ ತನಕ ಎಳೆಯಬೇಡಿ. ಪ್ರಮೋಷನ್ ಕೊಡುತ್ತಿದ್ದಾರೆ, ಮೈಯಲ್ಲಿ ಶಕ್ತಿಯೂ ಇದೆ ಅಂದರೆ ಮಾತು ಬೇರೆ. ಆಗಲೂ ಹೊಸ ಸೈನ್ ಆಫ್ (ಹಡಗಿನಿಂದ ಇಳಿಯುವ) ದಿನಾಂಕ ಬರವಣಿಗೆಯಲ್ಲಿ ಇರಲಿ. ಟಿಕೆಟ್ ಬುಕ್ ಮಾಡುವವರು ದಡದ ಆಫೀಸಿನವರು. ನಿಮ್ಮ ಸೂಪರ್‌ವೈಸರ್ ಬಾಯಲ್ಲಿ ಹೇಳಿದ್ದು ಅವರಿಗೆ ಗೊತ್ತಿರಲ್ಲ.

ಈಗ ಎರಡನೇ ಪ್ರಶ್ನೆ. ಇದರಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಒಂದೇ: ಮೈಯಲ್ಲಿ ಎಲ್ಲಾದರೂ ನೋವಿದ್ದರೆ ಇಳಿಯುವ ಮುಂಚೆ ಹಡಗಿನ ಮೆಡಿಕಲ್ ಸೆಂಟರ್‌ಗೆ ಹೋಗಿ ಬರೆಸಿ.

ನನ್ನ ಜೊತೆ ಒಂದೇ ಕ್ಯಾಬಿನ್‌ನಲ್ಲಿದ್ದ ಕಾರವಾರದ ಗೆಳೆಯ ರೂಮ್ ಸ್ಟೀವರ್ಡ್. ಹಾಸಿಗೆಯ ಮೂಲೆ ಎತ್ತಿ ಶೀಟ್ ಸಿಕ್ಕಿಸಿ ಸಿಕ್ಕಿಸಿ ಅವನ ಬಲಗೈ ಮಣಿಕಟ್ಟು ಹೋಗಿತ್ತು. ರಾತ್ರಿ ಹೆಬ್ಬೆರಳಿನಿಂದ ನಡುಬೆರಳಿನ ತನಕ ಜೋಮು ಹಿಡಿಯುತ್ತಿತ್ತು. ಮೇಲಿನ ಬಂಕ್‌ನಿಂದ ಕೈ ಕೆಳಗೆ ಇಳಿಬಿಟ್ಟು ಕೊಡವುತ್ತಿದ್ದ. ಕತ್ತಲಲ್ಲಿ ಆ ಕೈ ನನ್ನ ಪರದೆಗೆ ತಾಗುತ್ತಿತ್ತು. ಮೆಡಿಕಲ್‌ಗೆ ಹೋಗೋ ಅಂದರೆ, ಅನ್‌ಫಿಟ್ ಅಂತ ಬರೆದುಬಿಡ್ತಾರೆ ಮಾರಾಯ, ಊರಿಗೆ ಹೋಗಿ ತೋರಿಸ್ತೇನೆ ಅನ್ನುತ್ತಿದ್ದ. ಊರಿಗೆ ಹೋಗಿ ತೋರಿಸಿದ. ನರ ಒತ್ತಿಕೊಂಡಿದೆ, ಆಪರೇಷನ್ ಆಗಬೇಕು ಅಂದರು. ಕೆಲಸ ಕೊಡಿಸಿದ ಏಜೆಂಟ್ ಕೇಳಿದ ಮೊದಲ ಮಾತು, ಹಡಗಿನ ಮೆಡಿಕಲ್ ರಿಪೋರ್ಟ್ ಇದೆಯಾ ಅಂತ. ಇರಲಿಲ್ಲ. ಆಪರೇಷನ್ ಖರ್ಚು, ಕೆಲಸವಿಲ್ಲದ ತಿಂಗಳುಗಳು, ಎಲ್ಲ ಅವನ ತಲೆಗೇ ಬಂತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಆ ನೋವು ಬಂದದ್ದು ಹಡಗಿನ ಕೆಲಸದಿಂದಲೇ. ನಾನೇ ಕಣ್ಣಾರೆ ನೋಡಿದ್ದೇನೆ.

ಕಾನೂನು ನಮ್ಮ ಕಡೆಗಿದೆ. ಕಾಂಟ್ರಾಕ್ಟ್ ಅವಧಿಯಲ್ಲಿ ಬಂದ ಕಾಯಿಲೆ, ಪೆಟ್ಟು ಇವುಗಳ ಚಿಕಿತ್ಸೆಯ ಖರ್ಚು ಹಡಗಿನ ಮಾಲೀಕರದು ಅಂತ ಎಂ.ಎಲ್.ಸಿ. ಹೇಳುತ್ತದೆ. ಯಾವ ದೇಶದ ಬಾವುಟದ ಹಡಗೋ ಆ ದೇಶ ಇದಕ್ಕೆ ಅವಧಿಯ ಮಿತಿ ಹಾಕಬಹುದು. ಹಾಕಿದರೂ 16 ವಾರಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಆದರೆ ನೋವು ಹಡಗಿನಲ್ಲೇ ಶುರುವಾಯಿತು ಅಂತ ತೋರಿಸಲು ಕಾಗದ ಬೇಕು. ಹಾಗಾಗಿ ಬೆನ್ನು, ಮಂಡಿ, ಭುಜ, ಕೈ, ಸುಟ್ಟ ಗಾಯ, ಯಾವುದೇ ಇರಲಿ, ಯಾವ ಕೆಲಸ ಮಾಡುವಾಗ ಶುರುವಾಯಿತು ಅಂತ ಡಾಕ್ಟರ್ ಹತ್ತಿರ ಹೇಳಿ ಬರೆಸಿ, ಒಂದು ಕಾಪಿ ಕೇಳಿ ತಗೊಳ್ಳಿ. ಕೊನೆಯ ದಿನ ಓಡಬೇಡಿ. ಇನ್ನೂ ಒಂದು ತಿಂಗಳಿದೆ, ಈ ವಾರವೇ ಹೋಗಿ.

ಕೊನೆಯ ವಾರಗಳಲ್ಲಿ ಪೆಟ್ಟು ಆಗುವುದೂ ಜಾಸ್ತಿ. ಮನಸ್ಸು ಆಗಲೇ ಊರು ಸೇರಿರುತ್ತದೆ, ಕೈ ಮಾತ್ರ ಸ್ಲೈಸರ್ ಮೇಲಿರುತ್ತದೆ. ನೀವು ಗ್ಯಾಲಿಯವರೋ ರೆಸ್ಟೋರೆಂಟ್‌ನವರೋ ಬರೆದಿಲ್ಲ. ಗ್ಯಾಲಿಯಾದರೆ ಕೊನೆಯ ಸರ್ವಿಸ್ ತನಕ ಕಟ್ ಗ್ಲೌಸ್ ತೆಗೆಯಬೇಡಿ. ಫ್ರಿಡ್ಜ್ ಲಾಗ್‌ನಲ್ಲಿ (ತಾಪಮಾನ ಬರೆದಿಡುವ ಪುಸ್ತಕ) ಅಂದಾಜಿನ ಮೇಲೆ ನಂಬರ್ ತುಂಬಿಸಬೇಡಿ. ಅಮೆರಿಕದ ಪೋರ್ಟ್‌ಗಳಿಗೆ ಹೋಗುವ ಹಡಗಾದರೆ ಯು.ಎಸ್.ಪಿ.ಎಚ್. (ಅಮೆರಿಕದ ಸಾರ್ವಜನಿಕ ಆರೋಗ್ಯದವರ ಸ್ವಚ್ಛತೆಯ) ಇನ್‌ಸ್ಪೆಕ್ಷನ್ ಯಾವತ್ತು ಬರುತ್ತದೋ ಗೊತ್ತಿರಲ್ಲ. ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ತಣ್ಣನೆಯ ಆಹಾರ 5 ಡಿಗ್ರಿ ಸೆಲ್ಸಿಯಸ್ ಒಳಗೆ, ಬಿಸಿಯದು 57 ಡಿಗ್ರಿ ಮೇಲೆ ಅನ್ನುವುದು ನಿಮಗೆ ಬಾಯಿಪಾಠ ಆಗಿರಬೇಕು. ಇಳಿಯುವ ಹಿಂದಿನ ದಿನ ಬಂದರೂ ನಿಮ್ಮ ಸ್ಟೇಷನ್‌ಗೆ ನೀವೇ ಉತ್ತರ ಕೊಡಬೇಕು.

ಹ್ಯಾಂಡೋವರ್ ಬರೆದಿಡಿ. ಬಹಳ ಸಲ ರಿಲೀವರ್ ಮುಖವನ್ನೂ ನಾವು ನೋಡಲ್ಲ. ಬೆಳಗ್ಗೆ ನಾವು ಗ್ಯಾಂಗ್‌ವೇ ಇಳಿದಿರುತ್ತೇವೆ, ಅವನು ಅದೇ ದಿನ ಆಮೇಲೆ ಹತ್ತುತ್ತಾನೆ. ಯಾವ ಓವನ್ ಬಾಗಿಲು ಸರಿಯಾಗಿ ಮುಚ್ಚಲ್ಲ, ಸ್ಟೋರ್‌ಗೆ ರಿಕ್ವಿಸಿಷನ್ ಎಷ್ಟು ಹೊತ್ತಿಗೆ ಕೊಡಬೇಕು, ಇಂಥದ್ದೆಲ್ಲ ಒಂದು ಹಾಳೆಯಲ್ಲಿ ಇದ್ದರೆ ಆ ಹೊಸ ಹುಡುಗನ ಮೊದಲ ದಿನ ಎಷ್ಟೋ ಸುಲಭವಾಗುತ್ತದೆ. ನಿಮ್ಮ ಮೊದಲ ದಿನ ನಿಮಗೆ ನೆನಪಿರುತ್ತದಲ್ಲ.

ಕಾಗದಪತ್ರಕ್ಕೆ ಬರೋಣ. ಪಾಸ್‌ಪೋರ್ಟ್, ಸಿಡಿಸಿ (ಹಡಗಿನ ಸೇವೆ ದಾಖಲಾಗುವ ಪುಸ್ತಕ) ಎರಡೂ ಕ್ರೂ ಆಫೀಸ್‌ನಲ್ಲಿ ಇರುತ್ತವೆ. ಕೈಗೆ ಬಂದ ಕೂಡಲೇ, ಅಲ್ಲೇ ಕೌಂಟರ್ ಮುಂದೆ ನಿಂತು ಸಿಡಿಸಿ ತೆರೆದು ನೋಡಿ. ಹಡಗಿನ ಹೆಸರು, ಹತ್ತಿದ ದಿನ, ಇಳಿದ ದಿನ, ಪೋರ್ಟ್, ಕ್ಯಾಪ್ಟನ್ ಸಹಿ, ಹಡಗಿನ ಸೀಲ್. ಸೀಲ್ ಇದ್ದು ಸಹಿ ಇಲ್ಲದಿರುವುದು, ತಿಂಗಳು ತಪ್ಪಾಗಿರುವುದು ಎರಡನ್ನೂ ನೋಡಿದ್ದೇನೆ. ಹಡಗಿನಲ್ಲಿ ಅದು ಐದು ನಿಮಿಷದ ಕೆಲಸ. ಮನೆಗೆ ಬಂದ ಮೇಲೆ ಮೇಲ್ ಬರೆದು ಬರೆದು ಸಾಕಾಗುತ್ತದೆ. ಎಸ್.ಟಿ.ಸಿ.ಡಬ್ಲ್ಯು. (ಹಡಗು ಹತ್ತುವ ಮುಂಚಿನ ಸುರಕ್ಷತೆಯ ತರಬೇತಿ) ಕೋರ್ಸ್‌ಗಳ ಮೂಲ ಸರ್ಟಿಫಿಕೇಟ್ ಕೊಟ್ಟಿದ್ದರೆ ವಾಪಸ್ ಕೇಳಿ. ಎಲ್ಲ ತಿಂಗಳ ಪೇ ಸ್ಲಿಪ್, ಕಾಂಟ್ರಾಕ್ಟ್ ಪ್ರತಿ, ಇವ್ಯಾಲ್ಯುಯೇಶನ್ ಪ್ರತಿ, ಎಲ್ಲದರ ಫೋಟೊ ತೆಗೆದು ಮೇಲ್ ಮಾಡಿಟ್ಟುಕೊಳ್ಳಿ. ನಿಮ್ಮ ಸೇವೆಯ ದಾಖಲೆಯಲ್ಲಿ (ಇವ್ಯಾಲ್ಯುಯೇಶನ್ ಬೇರೆ, ಅದಲ್ಲ) ಕೆಲಸ ಚೆನ್ನಾಗಿತ್ತು, ಇರಲಿಲ್ಲ ಅಂತಾಗಲಿ, ಸಂಬಳ ಎಷ್ಟು ಅಂತಾಗಲಿ ಬರೆಯುವ ಹಾಗಿಲ್ಲ. ಇದೂ ಎಂ.ಎಲ್.ಸಿ. ನಿಯಮವೇ. ಅಂಥ ಮಾತು ಕಂಡರೆ ತೆಗೆಸಿ. ಊರು ಸೇರಿದ ಮೇಲೆ ಡಿ.ಜಿ. ಶಿಪ್ಪಿಂಗ್ (ಭಾರತ ಸರ್ಕಾರದ ಹಡಗು ಇಲಾಖೆ) ಸೈಟ್‌ನಲ್ಲಿ ನಿಮ್ಮ ಸೈನ್ ಆಫ್ ಹಾಕಿದ್ದಾರಾ ಅಂತ ಏಜೆಂಟ್ ಹತ್ತಿರ ಕೇಳಿ. ಅದು ಬಾಕಿ ಉಳಿದರೆ ಮುಂದಿನ ಸೈನ್ ಆನ್‌ಗೆ ತೊಡಕು.

ಕ್ಯಾಬಿನ್ ಇನ್‌ಸ್ಪೆಕ್ಷನ್, ಯೂನಿಫಾರ್ಮ್, ಐಡಿ ಕಾರ್ಡ್ ವಾಪಸ್, ಕ್ರೂ ಬಾರ್ ಬಾಕಿ, ಇವನ್ನು ಪಟ್ಟಿ ಕೊಟ್ಟು ಅವರೇ ಮಾಡಿಸುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಲಗೇಜ್ ಮಾತ್ರ ಎರಡು ವಾರ ಮುಂಚೆ ತೂಕ ಹಾಕಿ. ಮನೆಯವರಿಗೆ ಅಂತ ತಗೊಂಡ ಚಾಕಲೇಟ್, ಶಾಂಪೂ, ಶೂಗಳು ಸೇರಿದರೆ ತೂಕ ಎಲ್ಲಿಗೋ ಹೋಗಿರುತ್ತದೆ.

ದುಡ್ಡಿನ ವಿಷಯ. ವೆಕೇಷನ್‌ನಲ್ಲಿ ಸಂಬಳ ಬರಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಪೇ ಸ್ಲಿಪ್‌ನಲ್ಲಿ ಲೀವ್ ಪೇ ಅಂತ ಒಂದು ಸಾಲು ಇದೆಯಾ ನೋಡಿ. ಎಂ.ಎಲ್.ಸಿ. ಪ್ರಕಾರ ತಿಂಗಳಿಗೆ ಕನಿಷ್ಠ 2.5 ದಿನದ ಸಂಬಳದ ರಜೆ ಸಿಗಬೇಕು. ಹಲವು ಕಡೆ ಅದನ್ನು ತಿಂಗಳ ಸಂಬಳದಲ್ಲೇ ಸೇರಿಸಿ ಕೊಟ್ಟುಬಿಡುತ್ತಾರೆ. ಅಂದರೆ ರಜೆಯ ದುಡ್ಡು ಆಗಲೇ ಖರ್ಚಾಗಿರುತ್ತದೆ! ಹಾಗಾಗಿ ಎರಡು ತಿಂಗಳ ಮನೆ ಖರ್ಚು, ಮತ್ತೆ ಸೇರುವಾಗಿನ ಮೆಡಿಕಲ್, ಮುಂಬೈ ಓಡಾಟ, ಇಷ್ಟನ್ನು ಮೊದಲು ಎತ್ತಿಟ್ಟು ಆಮೇಲೆ ಸಾಲ, ಚಿನ್ನ, ಮನೆ ರಿಪೇರಿ ಅಂತ ಯೋಚಿಸಿ. ಊರಲ್ಲಿ ಕೈಸಾಲ ಕೇಳುವವರು ಬಂದೇ ಬರುತ್ತಾರೆ. ಎತ್ತಿಟ್ಟದ್ದನ್ನು ಮುಟ್ಟಬೇಡಿ.

ಟ್ಯಾಕ್ಸ್‌ಗೆ ದಿನಗಳ ಲೆಕ್ಕ ಮುಖ್ಯ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆ ವರ್ಷಕ್ಕೆ ಎನ್‌ಆರ್‌ಐ. ಆಗಸ್ಟ್‌ನಲ್ಲಿ ಹತ್ತಿ ಏಪ್ರಿಲ್ ಕೊನೆಗೆ ಇಳಿದವನಿಗೆ ಒಂದೇ ಆರ್ಥಿಕ ವರ್ಷದಲ್ಲಿ ಹೊರಗಿದ್ದ ದಿನಗಳು ಬೇಕಾದಷ್ಟು ಸಿಗುತ್ತವೆ. ಅದೇ ಒಂಬತ್ತು ತಿಂಗಳನ್ನು ಡಿಸೆಂಬರ್‌ನಿಂದ ಆಗಸ್ಟ್ ತನಕ ಮಾಡಿದವನಿಗೆ ದಿನಗಳು ಎರಡು ವರ್ಷಕ್ಕೆ ಹಂಚಿಹೋಗುತ್ತವೆ, ಯಾವ ವರ್ಷವೂ ಎನ್‌ಆರ್‌ಐ ಆಗದೇ ಹೋಗಬಹುದು. ವಿದೇಶಿ ಹಡಗಿನಲ್ಲಿ ಹೊರಗೆ ದುಡಿದ ಎನ್‌ಆರ್‌ಐ ಸಂಬಳ ಭಾರತದ ಎನ್‌ಆರ್‌ಇ (ಎನ್‌ಆರ್‌ಐಗಳ ಬ್ಯಾಂಕ್) ಖಾತೆಗೆ ಬಂತು ಅನ್ನುವ ಒಂದೇ ಕಾರಣಕ್ಕೆ ಟ್ಯಾಕ್ಸ್ ಇಲ್ಲ ಅಂತ ನೇರ ತೆರಿಗೆ ಮಂಡಳಿ 2017ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಪಾಸ್‌ಪೋರ್ಟ್ ಸೀಲ್, ಸಿಡಿಸಿ ಹಾಳೆ ಹಿಡಿದುಕೊಂಡು ಒಬ್ಬ ಸಿ.ಎ. ಹತ್ತಿರ ಹೋಗಿ. ಊರಲ್ಲಿ ಬಾಡಿಗೆ, ಅಂಗಡಿ ಅಂತ ಬೇರೆ ಆದಾಯ ಇದ್ದರೆ ಇನ್ನೂ ಮುಖ್ಯ.

ಮನೆಗೆ ಬಂದ ಮೊದಲ ಕೆಲವು ದಿನ ಸ್ನಾನ ಮಾಡುವಾಗ, ಮಲಗಿದಾಗ ನೆಲ ತೂಗಿದ ಹಾಗೆ ಆಗಬಹುದು. ಹೆದರಬೇಡಿ, ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ವಾರಗಟ್ಟಲೆ ನಿಲ್ಲದಿದ್ದರೆ ಡಾಕ್ಟರ್‌ಗೆ ತೋರಿಸಿ. ಮೊದಲ ವಾರ ಯಾವ ಮದುವೆ, ಗೃಹಪ್ರವೇಶವನ್ನೂ ಒಪ್ಪಿಕೊಳ್ಳಬೇಡಿ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಎತ್ತಿಕೊಳ್ಳಲು ಅವಸರ ಮಾಡಬೇಡಿ. ನನ್ನ ಮಗಳು ಮೂರು ದಿನ ಅಜ್ಜಿಯ ಸೆರಗು ಬಿಟ್ಟು ಬರಲಿಲ್ಲ. ನಾಲ್ಕನೇ ದಿನ ತಾನಾಗಿ ಬಂದು ಮೊಬೈಲ್ ಕೇಳಿದಳು.

ಮುಂದಿನ ಜಾಯಿನಿಂಗ್ ಡೇಟ್ ಕೇಳುವಾಗ ಊರಿನ ಕ್ಯಾಲೆಂಡರ್ ಪಕ್ಕದಲ್ಲಿರಲಿ, ಮುಂದಿನ ಸಲ ಊರಿಗೆ ಬರುವ ತಿಂಗಳು ಅದರ ಮೇಲೇ ನಿಂತಿರುತ್ತದೆ. ನಮ್ಮ ಕರಾವಳಿಯವರಾದರೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಯ ರಜೆ, ಮೋಟಾರ್ ಬೋಟ್ ಕಡಲಿಗೆ ಇಳಿಯಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿದಿರುತ್ತದೆ. ನನಗೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಬರುವುದು ಇಷ್ಟ. ಆದರೆ ಕ್ರಿಸ್ಮಸ್ ಹೊತ್ತಿಗೆ ಹಡಗು ತುಂಬಿರುತ್ತದೆ, ಬಿಡುವುದು ಕಷ್ಟ. ಫೆಬ್ರವರಿ, ಮಾರ್ಚ್ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಇವ್ಯಾಲ್ಯುಯೇಶನ್‌ಗೆ ಕೂತಾಗಲೇ ಬೇಕಾದ ತಿಂಗಳನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಏಜೆಂಟ್‌ಗೂ ಮೇಲ್ ಹಾಕಿ. ಯಾವ ಪೋರ್ಟ್‌ನಲ್ಲಿ ಇಳಿಯುತ್ತೀರಿ, ಯಾವ ಡಿಪಾರ್ಟ್‌ಮೆಂಟ್ ಅಂತ ಬರೆದರೆ ಅಲ್ಲಿಯ ಇಮಿಗ್ರೇಷನ್, ಏರ್‌ಪೋರ್ಟ್ ದಾರಿ ಹೇಗೆ ಅಂತ ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ.