ತಾಳಮದ್ದಳೆ ಕೇಳಿ ಬೆಳೆದವಳ ಉತ್ತರ

ಕಾಸರಗೋಡಿನವರು ಬೆಂಗಳೂರಿನ ಮಕ್ಕಳಿಗೆ ಕನ್ನಡ ಹೇಗೆ ಕಲಿಸ್ತೀರಿ, ನೀವು ಕೇರಳದವರು ಅಲ್ವಾ ಎಂದು ಕೇಳಿದ್ದೀರಿ. ಹೌದು, 1956ರ ನವೆಂಬರ್ 1ರಿಂದ ನಮ್ಮ ಊರು ಕೇರಳದಲ್ಲಿದೆ. ಆದರೂ ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ನಾನು ಓದಿದ್ದು ಅಂಥದ್ದರಲ್ಲೇ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಮ್ಮ ಕಡೆ ಇದೆಲ್ಲ ಮಾಮೂಲು.

ಮಾತಾಡಲು ಕಲಿತದ್ದು ಮಾತ್ರ ಶಾಲೆಗಿಂತ ಜಾಸ್ತಿ ತಾಳಮದ್ದಳೆಯಿಂದ. ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಬರೆದುಕೊಂಡು ಬಂದದ್ದಲ್ಲ. ವಾಲಿ ಏನು ಕೇಳಿದ ಎಂದು ಕಿವಿಗೊಡದಿದ್ದರೆ ರಾಮನಿಗೆ ಉತ್ತರವೇ ಹುಟ್ಟುವುದಿಲ್ಲ.

ನನ್ನ ಒಂಬತ್ತನೇ ತರಗತಿಯಲ್ಲಿ ಮನೆಮಾತು ತೆಲುಗು, ತಮಿಳು, ಉರ್ದು ಆಗಿರುವವರೇ ಹೆಚ್ಚು. ಪ್ರಬಂಧ ಕೊಟ್ಟರೆ ಪೀಠಿಕೆಯಿಂದ ಉಪಸಂಹಾರದ ತನಕ ಗೈಡಿನದ್ದೇ ಬಾಯಿಪಾಠ. ಮಕ್ಕಳನ್ನು ದೂರಲಾರೆ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಯ 125 ಅಂಕದಲ್ಲಿ 100 ಲಿಖಿತ ಪರೀಕ್ಷೆಗೇ ಇರುವಾಗ ಬಾಯಿಬಿಟ್ಟು ಮಾತಾಡಿಸುವವರು ಯಾರು?

ಹಾಗಾಗಿ ನಾನು ಮೊದಲು ದಾರಿ ಹೇಳಿಸುತ್ತೇನೆ. ಒಬ್ಬರು ಬಸ್ ಸ್ಟಾಪಿನಿಂದ ತಮ್ಮ ಮನೆಗೆ ದಾರಿ ಹೇಳಬೇಕು. ಇನ್ನೊಬ್ಬರು ಕಿವಿಗೆ ಬಿದ್ದಷ್ಟನ್ನೇ ಬೋರ್ಡಿನ ಮೇಲೆ ಗೆರೆ ಎಳೆಯಬೇಕು. ಹೋದ ವಾರ ಒಬ್ಬ ಹುಡುಗಿ, "ಸ್ವಲ್ಪ ಮುಂದೆ ಹೋಗಿ ಅಲ್ಲಿ ತಿರುಗಿ" ಎಂದಳು. ಸೀಮೆಸುಣ್ಣ ನಿಂತಿತು. "ಅಲ್ಲಿ ಅಂದ್ರೆ ಎಲ್ಲಿ? ಯಾವ ಕಡೆ?" ಅವಳು ಕಣ್ಣು ಮುಚ್ಚಿಕೊಂಡು, ಕೈಯಲ್ಲೇ ದಾರಿ ತೋರಿಸುತ್ತಾ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಬರೆಸಿದಾಗ ಬಂದದ್ದು ಇದು: "ಬೇಕರಿ ದಾಟಿದರೆ ನೀರಿನ ಟ್ಯಾಂಕ್ ಕಾಣುತ್ತದೆ. ಅದರ ಎಡಕ್ಕೆ ಸಣ್ಣ ಗಲ್ಲಿ. ನಾಯಿ ಬೊಗಳುತ್ತದೆ, ಹೆದರಬೇಡಿ. ಮೂರನೇ ಮನೆ, ನೀಲಿ ಗೇಟು."

ನೀಲಿಯನ್ನು 'ನಿಲಿ' ಎಂದು ಬರೆದಿದ್ದಳು. ದೀರ್ಘ ಹಾಕಿಸಲು ಅರ್ಧ ನಿಮಿಷ ಸಾಕಾಯಿತು. ಬರುವವರು ನಾಯಿಗೆ ಹೆದರಬಹುದು ಎಂದು ಅವಳಿಗೆ ತಾನಾಗಿ ಹೊಳೆದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಓದುವವರು ಅವಳ ಕಣ್ಣೆದುರಿಗೆ ಬಂದಿದ್ದರು.

ಈಗ ವಾದ ಶುರು ಮಾಡಿದ್ದೇವೆ. ಶಾಲೆಗೆ ಮೊಬೈಲ್ ತರಬಹುದಾ, ಬೇಡವಾ? ತಾಳಮದ್ದಳೆಯಿಂದ ತಂದ ನಿಯಮ ಒಂದೇ: ಎದುರಿನವರು ಹೇಳಿದ್ದನ್ನು ಮೊದಲು ಅವರು ಒಪ್ಪುವ ಹಾಗೆ ಹೇಳಬೇಕು, ಆಮೇಲೆ ನಿಮ್ಮ ಉತ್ತರ. ಮೊದಲ ದಿನ ಎರಡು ಸಲ ಸೋತ ಹುಡುಗನೊಬ್ಬ ಈಗ ಎದುರಿನವರ ಮಾತನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ.